ಸದ್ದಿಗೂ ಮುಂಚಿನ ಕೆಲಸ: ಶಾಲಾ ಸಂಗೀತ ಶಿಕ್ಷಕರು ಮೇಳ ನಡೆಸುವುದನ್ನು ಕಲಿಯುವ ಬಗೆ

ಶಾಲೆಯಲ್ಲಿ ಸಂಗೀತ ಕಲಿಸುವ ಅನೇಕರು ಕಂಡಕ್ಟಿಂಗನ್ನು, ಅಂದರೆ ಕೈಸನ್ನೆಯಿಂದ ಮೇಳ ನಡೆಸುವುದನ್ನು, ಪ್ರತ್ಯೇಕವಾಗಿ ಕಲಿತಿರುವುದಿಲ್ಲ. ಚೆನ್ನಾಗಿ ಹಾಡುತ್ತಾರೆ, ಒಂದು ವಾದ್ಯದಲ್ಲಿ ಪಳಗಿರುತ್ತಾರೆ. ಒಂದು ದಿನ ಇದ್ದಕ್ಕಿದ್ದಂತೆ ಮೂವತ್ತು ನಲವತ್ತು ಮಕ್ಕಳ ಮುಂದೆ ನಿಂತು ಕೈ ಎತ್ತಬೇಕಾಗುತ್ತದೆ. ಆಗ ಆಗುವುದೇನೆಂದರೆ, ಕೈ ಸಂಗೀತದ ಹಿಂದೆ ಓಡತೊಡಗುತ್ತದೆ. ಮಕ್ಕಳು ನುಡಿಸುತ್ತಾರೆ, ಶಿಕ್ಷಕರು ಅದಕ್ಕೆ ತಾಳ ಹಾಕುತ್ತಾರೆ. ನೋಡುವವರಿಗೆ ಶಿಕ್ಷಕರೇ ಮೇಳ ನಡೆಸುತ್ತಿದ್ದಾರೆ ಅನ್ನಿಸುತ್ತದೆ, ನಿಜದಲ್ಲಿ ಮೇಳವೇ ಅವರನ್ನು ನಡೆಸುತ್ತಿರುತ್ತದೆ.

ಇದನ್ನು ತಿರುಗಿಸಲು ಒಂದು ವಿಷಯ ಮನಸ್ಸಿಗೆ ಹತ್ತಬೇಕು. ಮೇಳ ನಡೆಸುವವರ ಕೆಲಸವೆಲ್ಲ ಸದ್ದು ಹುಟ್ಟುವ ಮೊದಲೇ ಮುಗಿದಿರುತ್ತದೆ. ಹೊರಬಿದ್ದ ಸ್ವರವನ್ನು ಯಾವ ಕೈಸನ್ನೆಯೂ ತಿದ್ದಲಾರದು, ಬರಲಿರುವ ಸ್ವರವನ್ನಷ್ಟೇ ತಿದ್ದಲು ಸಾಧ್ಯ. ಸ್ಕೋರ್ (ಎಲ್ಲ ಭಾಗಗಳ ಸ್ವರಲಿಪಿ ಒಟ್ಟಿಗಿರುವ ಪ್ರತಿ) ಓದುವುದು ಅಭ್ಯಾಸಕ್ಕೆ ಮುಂಚೆ, ಉಸಿರು ಎಳೆಯುವುದು ಎತ್ತುಗಡೆಗೆ ಮುಂಚೆ, ಕಣ್ಣು ಸೇರುವುದು ಕ್ಯೂ (ಶುರು ಮಾಡು ಎಂಬ ಸನ್ನೆ) ಕೊಡುವ ಮುಂಚೆ. ಮುಂದಿನ ಹಂತಗಳೆಲ್ಲ ಈ ಒಂದು ಮಾತಿನ ವಿಸ್ತರಣೆ.

ಹಂತ 1: ಸ್ಕೋರನ್ನು ಕಿವಿಗೆ ಇಳಿಸಿಕೊಳ್ಳಿ

ಕೈಬೀಸು ಕಲಿಯುವ ಮೊದಲು ಕೃತಿ ಕಲಿಯಬೇಕು. ಏನು ಕೇಳಿಸಬೇಕು ಎಂಬುದು ನಿಮ್ಮೊಳಗೆ ಸ್ಪಷ್ಟವಾಗಿ ಇಲ್ಲದಿದ್ದರೆ ಕೈಗೆ ಹೇಳಲು ಏನೂ ಇರುವುದಿಲ್ಲ.

ಮೊದಲು ಪೆನ್ಸಿಲ್ ಇಲ್ಲದೆ ಇಡೀ ಕೃತಿಯನ್ನು ಓದಿಕೊಂಡು ಹೋಗಿ. ಎಲ್ಲಿ ಭಾಗ ಬದಲಾಗುತ್ತದೆ, ಎಲ್ಲಿ ಲಯ ಬದಲಾಗುತ್ತದೆ, ಎಲ್ಲಿ ಎತ್ತರಕ್ಕೆ ಏರುತ್ತದೆ ಎಂಬುದಷ್ಟೇ ಸಾಕು. ಎರಡನೇ ಸುತ್ತಿನಲ್ಲಿ ಬಾರ್‌ಗಳನ್ನು (ತಾಳದ ಆವರ್ತಗಳನ್ನು) ವಾಕ್ಯಗಳಾಗಿ ಗುಂಪು ಮಾಡಿ: ನಾಲ್ಕು ಬಾರ್, ಮತ್ತೆ ನಾಲ್ಕು, ಆಮೇಲೆ ಆರು. ಈ ಆರು ಬಂದ ಕಡೆಯಲ್ಲೇ ಮಕ್ಕಳು ತಪ್ಪುತ್ತಾರೆ, ಅದಕ್ಕೊಂದು ಗುರುತು ಇರಲಿ. ಮೂರನೇ ಸುತ್ತಿನಲ್ಲಿ ಪ್ರತಿಯೊಂದು ಭಾಗವನ್ನೂ ಬಾಯಿಬಿಟ್ಟು ಹಾಡಿ. ಎರಡನೇ ಕ್ಲಾರಿನೆಟ್‌ನದ್ದನ್ನೂ, ಗಾಯನಮೇಳದ ಆಲ್ಟೊಗಳದ್ದನ್ನೂ ಬಿಡಬೇಡಿ. ಕಂಠ ಚೆನ್ನಾಗಿರಬೇಕಿಲ್ಲ, ಸ್ವರ ಸರಿಯಿದ್ದರೆ ಸಾಕು. ಒಂದು ಭಾಗ ಹಾಡುತ್ತಾ ಬಲಗೈಯಲ್ಲಿ ಬೀಟ್ (ತಾಳದ ಎಣಿಕೆ) ಹಾಕಿ. ಹಾಡಲು ನಿಮಗೇ ತೊಡಕಾದ ಜಾಗ ಮಕ್ಕಳಿಗೂ ತೊಡಕಾಗುವ ಜಾಗ.

ವಾದ್ಯಮೇಳವಾದರೆ ಟ್ರಾನ್ಸ್‌ಪೋಸ್ ಆಗುವ, ಅಂದರೆ ಬರೆದದ್ದಕ್ಕಿಂತ ಬೇರೆ ಸ್ವರ ಕೇಳಿಸುವ, ವಾದ್ಯಗಳ ಲೆಕ್ಕ ಬಾಯಿಪಾಠವಾಗಿರಬೇಕು. ಸಾಲಿನಲ್ಲಿ ಸಿ ಎಂದು ಬರೆದದ್ದನ್ನು ಬಿ ಫ್ಲಾಟ್ ಕ್ಲಾರಿನೆಟ್ ಮತ್ತು ಟ್ರಂಪೆಟ್ ನುಡಿಸಿದಾಗ ಕೇಳಿಸುವುದು ಎರಡು ಅರ್ಧಸ್ವರ ಕೆಳಗಿನ ಬಿ ಫ್ಲಾಟ್. ಎಫ್ ಹಾರ್ನ್ ಏಳು ಅರ್ಧಸ್ವರ ಕೆಳಗೆ, ಆಲ್ಟೊ ಸ್ಯಾಕ್ಸೋಫೋನ್ ಒಂಬತ್ತು, ಟೆನರ್ ಸ್ಯಾಕ್ಸೋಫೋನ್ ಹದಿನಾಲ್ಕು ಅರ್ಧಸ್ವರ ಕೆಳಗೆ ಕೇಳಿಸುತ್ತವೆ. ಕೊಳಲು, ಓಬೋ, ಟ್ರಾಂಬೋನ್ ಬರೆದಂತೆಯೇ ಕೇಳಿಸುತ್ತವೆ. ಡಬಲ್ ಬಾಸ್ ಒಂದು ಸ್ಥಾಯಿ ಕೆಳಗೆ. ‘ಎಫ್ ಶಾರ್ಪ್ ನುಡಿಸು’ ಎಂದಾಗ ನೀವು ಹೇಳುತ್ತಿರುವುದು ಬರೆದ ಸ್ವರವೋ ಕೇಳಿಸುವ ಸ್ವರವೋ ಎಂದು ಮಗು ಗೊಂದಲಕ್ಕೆ ಬಿದ್ದರೆ ಆ ತರಗತಿಯ ಐದು ನಿಮಿಷ ಹೋಯಿತು.

ಕೊನೆಗೆ ಒಂದು ಚೀಟಿಯಲ್ಲಿ, ಮಕ್ಕಳು ಮುಗ್ಗರಿಸಬಹುದು ಎಂದು ನಿಮಗನ್ನಿಸಿದ ಮೂರು ಜಾಗಗಳನ್ನು ಬರೆದುಕೊಳ್ಳಿ. ಮೊದಲ ಅಭ್ಯಾಸದ ನಂತರ ಅದನ್ನು ತೆಗೆದು ನೋಡಿ. ನಿಮ್ಮ ಊಹೆ ನಿಜವಾಗುತ್ತಾ ಹೋದಂತೆ ಸ್ಕೋರ್ ಓದುವ ಕಣ್ಣು ಪಳಗುತ್ತಿದೆ ಎಂದು ತಿಳಿಯಿರಿ.

ಹಂತ 2: ನಿಲುವು ಮತ್ತು ಕೈ

ಪಾದಗಳ ನಡುವೆ ಭುಜದಷ್ಟು ಅಂತರ, ಮೊಣಕಾಲು ಬಿಗಿಯಾಗದಂತೆ ಸಡಿಲ, ಭುಜ ಕೆಳಗೆ. ಮೊಣಕೈ ದೇಹಕ್ಕೆ ಅಂಟಿರಬಾರದು, ರೆಕ್ಕೆಯಷ್ಟು ಅಗಲವೂ ಬೇಡ. ಅಂಗೈ ನೆಲ ನೋಡಲಿ. ಹೊಟ್ಟೆಗಿಂತ ಸ್ವಲ್ಪ ಮೇಲೆ ಒಂದು ಮೇಜಿನ ಹಲಗೆ ಇದೆಯೆಂದು ಭಾವಿಸಿ, ಎಲ್ಲ ಬೀಟುಗಳೂ ಆ ಮಟ್ಟದಲ್ಲೇ ಬೀಳಲಿ. ಸ್ಕೋರ್ ಇಡುವ ಸ್ಟ್ಯಾಂಡ್ ತಗ್ಗಿಸಿಡಿ, ಅದರ ಹಿಂದೆ ನಿಮ್ಮ ಕೈ ಅಡಗಬಾರದು.

ಬ್ಯಾಟನ್, ಅಂದರೆ ತಾಳ ತೋರಿಸಲು ಕೈಯಲ್ಲಿ ಹಿಡಿಯುವ ತೆಳು ಕಡ್ಡಿ, ಬೇಕೇ ಬೇಡವೇ? ಹಾಡುವ ಮಕ್ಕಳಿಗೆ ಬರಿಗೈ ಸಾಕು, ಬೆರಳುಗಳು ಪದಗಳ ಮೃದುತ್ವವನ್ನೂ ತೋರಿಸಬಲ್ಲವು. ವಾದ್ಯಮೇಳ ದೊಡ್ಡದಾಗಿ, ಹಿಂದಿನ ಸಾಲು ದೂರವಿದ್ದರೆ ಬ್ಯಾಟನ್ ಒಳ್ಳೆಯದು. ಹನ್ನೆರಡರಿಂದ ಹದಿನಾಲ್ಕು ಇಂಚು ಉದ್ದದ ಹಗುರವಾದದ್ದು ಆರಿಸಿ. ಹಿಡಿಕೆಯ ಉಂಡೆ ಅಂಗೈಯಲ್ಲಿ ಕೂತು, ಕಡ್ಡಿ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಸಡಿಲವಾಗಿರಲಿ. ಮಕ್ಕಳು ನೋಡುವುದು ಅದರ ತುದಿಯನ್ನು, ಆದ್ದರಿಂದ ತುದಿ ಅವರ ಕಡೆ ತಿರುಗಿರಬೇಕು.

ಇಲ್ಲೊಂದು ಮಾತು ಒತ್ತಿ ಹೇಳಬೇಕು: ಸ್ಟ್ಯಾಂಡ್ ಕುಟ್ಟುವುದು, ಚಪ್ಪಾಳೆ ತಟ್ಟುವುದು, ಕಾಲು ಬಡಿಯುವುದು ಅಭ್ಯಾಸವಾಗಬಾರದು. ಒಂದು ಕಾಲದಲ್ಲಿ ತಾಳವನ್ನು ಸದ್ದು ಮಾಡಿಯೇ ಹಿಡಿಯುತ್ತಿದ್ದರು. ಫ್ರಾನ್ಸಿನ ರಾಜಾಸ್ಥಾನದ ಸಂಗೀತಗಾರ ಜಾನ್ ಬಾಪ್ಟಿಸ್ಟ್ ಲುಲ್ಲಿ ಹಾಗೆ ಕೋಲು ಕುಟ್ಟುವಾಗ ತನ್ನ ಕಾಲಿಗೇ ಹೊಡೆದುಕೊಂಡು, ಗಾಯ ಕೊಳೆತು 1687ರಲ್ಲಿ ತೀರಿಕೊಂಡ. 19ನೇ ಶತಮಾನದ ಮೊದಲರ್ಧದಲ್ಲಿ ಸ್ಪೋರ್, ವೆಬರ್, ಮೆಂಡೆಲ್ಸನ್ ಮೊದಲಾದ ಸಂಗೀತಗಾರರ ಕಾಲಕ್ಕೆ ಸದ್ದಿಲ್ಲದ ಬ್ಯಾಟನ್ ನೆಲೆಯೂರಿತು. ಸದ್ದಿನ ತಾಳಕ್ಕೆ ಎರಡು ದೋಷಗಳಿವೆ. ಅದು ಮೇಳದ ನಾದವನ್ನು ಮುಚ್ಚುತ್ತದೆ, ಮತ್ತು ಮಕ್ಕಳಿಗೆ ತಲೆ ಎತ್ತಿ ನೋಡುವ ಅಗತ್ಯವೇ ಇಲ್ಲದಂತೆ ಮಾಡುತ್ತದೆ. ಕಾರ್ಯಕ್ರಮದ ದಿನ ಆ ಸದ್ದು ನಿಂತಾಗ ಮಕ್ಕಳ ಲಯವೂ ಕೈಬಿಡುತ್ತದೆ.

ಹಂತ 3: ಎತ್ತುಗಡೆಯ ಉಸಿರು

ಎಲ್ಲ ಹಂತಗಳಲ್ಲಿ ಒಂದನ್ನೇ ಕಲಿಯಲು ಸಮಯವಿದೆ ಎಂದರೆ ಇದನ್ನು ಕಲಿಯಿರಿ. ಮೊದಲ ಸ್ವರಕ್ಕೆ ಒಂದು ಬೀಟ್ ಮುಂಚೆ ಕೈ ಮಾಡುವ ಚಲನೆಗೆ ಪ್ರೆಪ್ ಬೀಟ್ ಎನ್ನುತ್ತಾರೆ. ಆ ಒಂದೇ ಚಲನೆಯಲ್ಲಿ ಲಯ ಎಷ್ಟು ವೇಗ, ಸದ್ದು ಎಷ್ಟು ಜೋರು, ಸ್ವರದ ಗುಣ ಮೆದುವೋ ಚೂಪೋ ಎಂಬ ಮೂರೂ ಇರಬೇಕು.

ನಾಲ್ಕು ಎಣಿಕೆಯ ಬಾರಿನಲ್ಲಿ ಹಾಡು ಮೊದಲ ಎಣಿಕೆಗೆ ಶುರುವಾಗುವುದಾದರೆ ಪ್ರೆಪ್ ಎಂದರೆ ಹಿಂದಿನ ನಾಲ್ಕನೇ ಎಣಿಕೆ. ಮೂರನೇ ಎಣಿಕೆಗೆ ಶುರುವಾದರೆ ಪ್ರೆಪ್ ಎರಡನೇ ಎಣಿಕೆ. ಮಾಡುವ ಕ್ರಮ ಹೀಗೆ:

1. ಕೈ ಎತ್ತಿ ಸಿದ್ಧ ಸ್ಥಾನದಲ್ಲಿ ನಿಲ್ಲಿಸಿ. ಎಲ್ಲರ ಕಣ್ಣೂ ನಿಮ್ಮ ಮೇಲೆ ಬರುವವರೆಗೆ ಅಲುಗಬೇಡಿ.
2. ಕೃತಿಯ ಲಯ ಸ್ಪಷ್ಟವಾಗಿ ಗೊತ್ತಾಗುವ ಒಂದು ಸಾಲನ್ನು ಮನಸ್ಸಿನಲ್ಲೇ ಹಾಡಿಕೊಳ್ಳಿ. ಅದು ಮೊದಲ ಸಾಲೇ ಆಗಬೇಕಿಲ್ಲ.
3. ಕೈ ಮೇಲೇಳುವಾಗಲೇ ಮೂಗು ಬಾಯಿ ಎರಡರಿಂದಲೂ ಉಸಿರೆಳೆಯಿರಿ. ಉಸಿರಿನ ಅಳತೆ ಒಂದು ಬೀಟಿನ ಅಳತೆಯೇ ಆಗಿರಲಿ.
4. ಕೈ ಕೆಳಗಿಳಿದು ಪೆಟ್ಟು ಬೀಳುವ ಕ್ಷಣಕ್ಕೆ ಸ್ವರ.

ಸಾಮಾನ್ಯವಾಗಿ ಕೆಡುವುದು ಮೂರನೆಯ ಹೆಜ್ಜೆಯಲ್ಲಿ. ಕೈ ಸರ್ರನೆ ಮೇಲೆ ಹೋಗಿ, ನಿಧಾನ ಕೆಳಗೆ ಬರುತ್ತದೆ. ಆಗ ಮಕ್ಕಳಲ್ಲಿ ಅರ್ಧ ಜನ ಮೇಲೆ ಹೋದ ವೇಗ ನಂಬುತ್ತಾರೆ, ಉಳಿದವರು ಕೆಳಗೆ ಬಂದ ವೇಗ ನಂಬುತ್ತಾರೆ, ಮೊದಲ ಬಾರ್ ಕಲಸುಮೇಲೋಗರ. ಕನ್ನಡಿ ಮುಂದೆ ಮಾಡಿ ನೋಡಿ, ಮೇಲಿನ ದಾರಿಗೂ ಕೆಳಗಿನ ದಾರಿಗೂ ಒಂದೇ ಕಾಲ ಹಿಡಿಯಬೇಕು.

ತರಗತಿಯಲ್ಲಿ ಇದನ್ನು ಆಟವಾಗಿ ಕಲಿಸಬಹುದು. ವಾದ್ಯ ಬದಿಗಿಟ್ಟು, ನಿಮ್ಮ ಒಂದೇ ಒಂದು ಪ್ರೆಪ್ ನೋಡಿ ಎಲ್ಲರೂ ‘ತ’ ಎಂದು ಒಟ್ಟಿಗೆ ಹೇಳಬೇಕು. ಎಣಿಸಿ ಕೊಡಬೇಡಿ. ಒಮ್ಮೆ ಮೆಲ್ಲಗೆ, ಒಮ್ಮೆ ಚುರುಕಾಗಿ, ಒಮ್ಮೆ ಪಿಸುಮಾತಿನಷ್ಟು ಸಣ್ಣದಾಗಿ. ಮಕ್ಕಳು ಒಟ್ಟಾಗಿ ‘ತ’ ಎನ್ನದಿದ್ದರೆ ಪ್ರೆಪ್ ಅಸ್ಪಷ್ಟವಾಗಿತ್ತು ಎಂದರ್ಥ. ಅವರನ್ನು ಗದರದೆ ಕೈಯನ್ನು ಸರಿಪಡಿಸಿಕೊಳ್ಳಿ. ಎರಡು ನಿಮಿಷದ ಈ ಆಟ ದಿನವೂ ನಡೆದರೆ ‘ಒಂದು, ಎರಡು, ಮೂರು, ನಾಲ್ಕು’ ಎಂದು ಕೂಗಿ ಶುರು ಮಾಡಿಸುವ ಗೋಜು ತಾನಾಗಿ ಬಿಟ್ಟುಹೋಗುತ್ತದೆ. ತೀರಾ ಹೊಸಬರಿಗೆ ಮೊದಮೊದಲು ಎಣಿಸಿ ಕೊಡುವುದು ತಪ್ಪಲ್ಲ. ಆಮೇಲೆ ಕೊನೆಯ ಎರಡು ಎಣಿಕೆ ಮಾತ್ರ, ಆಮೇಲೆ ಬರೀ ಉಸಿರು.

ಬೀಟಿನ ಮೇಲಲ್ಲದೆ ಬೀಟಿನ ನಡುವೆ ಹುಟ್ಟುವ ಎತ್ತುಗಡೆಗಳು ಕಷ್ಟದವು. ಬೇಥೋವನ್‌ನ ಐದನೇ ಸಿಂಫನಿ ಪುಟ್ಟದೊಂದು ಮೌನದಿಂದಲೇ ಶುರುವಾಗುತ್ತದೆ. ಪೆಟ್ಟು ಬೀಳುವುದು ಮೌನದ ಮೇಲೆ, ಸ್ವರ ಬರುವುದು ಅದರ ನಂತರ. ಇಂಥಲ್ಲಿ ಹೆಚ್ಚುವರಿ ಸನ್ನೆಗಳನ್ನು ಸೇರಿಸಬೇಡಿ. ಪೆಟ್ಟನ್ನು ಚೂಪಾಗಿ, ಒಂದೇ ಒಂದು ಸಲ ಕೊಡಿ, ಮಕ್ಕಳು ಅದರ ಪುಟಿತಕ್ಕೆ ಪ್ರತಿಕ್ರಿಯಿಸುತ್ತಾರೆ.

ಹಂತ 4: ಬೀಟಿನ ಮಾದರಿಗಳು

ಮಾದರಿಗಳನ್ನು ಕಲಿಯುವುದು ಸುಲಭ. ಎರಡರ ತಾಳಕ್ಕೆ ಕೆಳಗೆ, ಮೇಲೆ. ಮೂರಕ್ಕೆ ಕೆಳಗೆ, ಬಲಕ್ಕೆ ಹೊರಗೆ, ಮೇಲೆ. ನಾಲ್ಕಕ್ಕೆ ಕೆಳಗೆ, ಎಡಕ್ಕೆ ಒಳಗೆ, ಬಲಕ್ಕೆ ಹೊರಗೆ, ಮೇಲೆ. ನಿಧಾನದ ಆರಕ್ಕೆ ಕೆಳಗೆ, ಒಳಗೆ ಎರಡು, ಹೊರಗೆ ಎರಡು, ಮೇಲೆ. ಆರು-ಎಂಟು ವೇಗವಾಗಿದ್ದರೆ ಎರಡರ ಮಾದರಿ ಸಾಕು, ವೇಗದ ವಾಲ್ಟ್ಸ್‌ಗೆ ಬಾರಿಗೊಂದೇ ಪೆಟ್ಟು ಸಾಕು. ಐದು ಬಂದರೆ ಮೂರು ಮತ್ತು ಎರಡೋ, ಎರಡು ಮತ್ತು ಮೂರೋ ಎಂದು ಸ್ಕೋರ್ ನೋಡಿ ನಿರ್ಧರಿಸಿ. ಯಾವ ಮಾದರಿಯಲ್ಲೂ ಮೊದಲ ಎಣಿಕೆ ಮಾತ್ರ ನೇರ ಕೆಳಗೆ. ದಾರಿ ತಪ್ಪಿದ ಮಗು ಹುಡುಕುವುದು ಆ ಒಂದನ್ನೇ, ಹಾಗಾಗಿ ಅದು ಬೇರೆ ಯಾವುದರಂತೆಯೂ ಕಾಣಬಾರದು.

ಪೆಟ್ಟು ಎಂದರೆ ಕೈ ಆ ಕಾಲ್ಪನಿಕ ಹಲಗೆಯನ್ನು ಮುಟ್ಟುವ ಕ್ಷಣ. ನೆಲಕ್ಕೆ ಬಿದ್ದ ಚೆಂಡು ಪುಟಿದೇಳುವ ಹಾಗೆ ಕೈ ಅಲ್ಲಿಂದ ಎದ್ದರೆ ಮಕ್ಕಳಿಗೆ ಆ ಕ್ಷಣ ಕಣ್ಣಿಗೆ ಕಟ್ಟುತ್ತದೆ. ಪುಟಿತ ತೀರಾ ಎತ್ತರವಾದರೆ ಯಾವುದು ಪೆಟ್ಟು, ಯಾವುದು ಪುಟಿತ ಎಂದು ತಿಳಿಯದೆ ಲಯ ಎಳೆಯತೊಡಗುತ್ತದೆ. ‘ಮಕ್ಕಳು ಎಳೆಯುತ್ತಾರೆ’ ಎಂಬ ದೂರು ಕೇಳಿದಾಗಲೆಲ್ಲ ನನಗೆ ಮೊದಲು ಅನುಮಾನ ಬರುವುದು ಕೈಬೀಸಿನ ಗಾತ್ರದ ಮೇಲೆ. ದೊಡ್ಡ ಕೈಗೆ ದೊಡ್ಡ ದಾರಿ, ದೊಡ್ಡ ದಾರಿಗೆ ಹೆಚ್ಚು ಕಾಲ. ಗಾತ್ರ ಕುಗ್ಗಿಸಿ ನೋಡಿ, ಲಯ ತಾನಾಗಿ ಚುರುಕಾಗುತ್ತದೆ. ಮೆಲುದನಿಯ ಭಾಗಕ್ಕೆ ಮಣಿಕಟ್ಟಿನ ಅಲುಗಾಟ ಸಾಕು. ಎಲ್ಲ ಕಡೆ ತೋಳು ಬೀಸಿದರೆ ಜೋರಾಗಬೇಕಾದ ಕಡೆ ತೋರಿಸಲು ಏನೂ ಉಳಿಯುವುದಿಲ್ಲ.

ದಿನಕ್ಕೆ ಐದು ನಿಮಿಷ, ಮೆಟ್ರೊನೋಮ್ (ಲಯ ಬಡಿಯುವ ಯಂತ್ರ) ನಿಮಿಷಕ್ಕೆ 60 ಬೀಟಿಗೆ ಇಟ್ಟು ನಾಲ್ಕರ ಮಾದರಿ ಹಾಕಿ. ನಂತರ 72, 96. ಅದೇ ವೇಗದಲ್ಲಿ ಒಮ್ಮೆ ಎಳೆದು ಹಾಡುವಂತೆ, ಒಮ್ಮೆ ಬಿಡಿಬಿಡಿಯಾಗಿ ನುಡಿಸುವಂತೆ. ವಾರಕ್ಕೊಮ್ಮೆ ಫೋನನ್ನು ಮಗುವಿನ ಕುರ್ಚಿಯ ಎತ್ತರದಲ್ಲಿಟ್ಟು ಚಿತ್ರೀಕರಿಸಿ, ಸದ್ದು ಆರಿಸಿ ನೋಡಿ. ಸದ್ದಿಲ್ಲದೆಯೇ ಲಯವೂ ಬಲವೂ ತಿಳಿಯುತ್ತಿದೆಯೇ? ಇಲ್ಲವಾದರೆ ಮಕ್ಕಳಿಗೂ ತಿಳಿಯುತ್ತಿಲ್ಲ.

ಹಂತ 5: ಎಡಗೈಗೆ ಅದರದೇ ಕೆಲಸ

ಎಡಗೈ ಬಲಗೈಯ ನಕಲು ಮಾಡುತ್ತಿದ್ದರೆ ಅರ್ಧ ಮಾತು ವ್ಯರ್ಥ. ಎಡಗೈ ಸದ್ದಿನ ಏರಿಳಿತಕ್ಕೆ, ಸ್ವರ ಹಿಡಿದಿಡಲು, ಕ್ಯೂ ಕೊಡಲು. ಕೆಲಸವಿಲ್ಲದಾಗ ಸೊಂಟದ ಬಳಿ ಸುಮ್ಮನಿರಲಿ.

ಎರಡನ್ನೂ ಬೇರ್ಪಡಿಸಲು: ಬಲಗೈ ನಾಲ್ಕರ ಮಾದರಿ ಹಾಕುತ್ತಿರಲಿ, ಎಡಗೈ ನಾಲ್ಕು ಎಣಿಕೆಯಲ್ಲಿ ನಿಧಾನವಾಗಿ ಎದೆಯೆತ್ತರಕ್ಕೆ ಏರಲಿ, ನಾಲ್ಕು ಎಣಿಕೆಯಲ್ಲಿ ಇಳಿಯಲಿ. ಎಲ್ಲಿಯೂ ಜರ್ಕ್ ಇರಬಾರದು. ಅದು ಬಂದ ಮೇಲೆ ಎಂಟು ಎಣಿಕೆಗೆ ಹಿಗ್ಗಿಸಿ. ಆಮೇಲೆ ಬಲಗೈ ನಿಲ್ಲಿಸದೆ ಎಡಗೈಯಲ್ಲಿ ಸ್ಕೋರಿನ ಪುಟ ತಿರುಗಿಸಿ.

ಕ್ಯೂ ಕೊಡುವುದಕ್ಕೂ ಅದೇ ನಿಯಮ, ಮುಂಚೆಯೇ. ಒಂದು ಬಾರ್ ಮುಂಚೆ ಆ ಮಗುವಿನ ಕಡೆ ನೋಡಿ, ಒಂದು ಬೀಟ್ ಮುಂಚೆ ಉಸಿರೆಳೆಯಿರಿ, ಬೀಟಿಗೆ ಸರಿಯಾಗಿ ಕೈ. ಎಲ್ಲರಿಗೂ ಎಲ್ಲ ಕಡೆ ಕ್ಯೂ ಕೊಡಲು ಹೋಗಬೇಡಿ. ದೀರ್ಘ ಮೌನದ ನಂತರ ಬರುವವರಿಗೆ ಮೊದಲ ಹಕ್ಕು. ಇಪ್ಪತ್ತು ಬಾರ್ ಸುಮ್ಮನೆ ಕೂತು ಒಂದೇ ಒಂದು ಸಲ ಸಿಂಬಲ್ ಹೊಡೆಯಬೇಕಾದ ಮಗುವಿನ ಎದೆಬಡಿತ ಊಹಿಸಿಕೊಳ್ಳಿ. ಸರಿಯಾದ ಹೊತ್ತಿಗೆ ನಿಮ್ಮ ಕಣ್ಣು ಸಿಕ್ಕರೆ ಆ ಮಗು ಧೈರ್ಯವಾಗಿ ಹೊಡೆಯುತ್ತದೆ.

ಹಾಡನ್ನು ನಿಲ್ಲಿಸುವುದಕ್ಕೂ ಪ್ರೆಪ್ ಬೇಕು ಎಂಬುದನ್ನು ಬಹಳ ಜನ ಮರೆಯುತ್ತಾರೆ. ಕೈ ಸಣ್ಣ ಸುತ್ತು ಸುತ್ತಿ ಬಿಂದುವಿಗೆ ಬಂದಾಗ ಕಟ್‌ಆಫ್. ಗಾಯನಮೇಳದಲ್ಲಿ ಕೊನೆಯ ವ್ಯಂಜನ ಯಾವ ಎಣಿಕೆಯ ಮೇಲೆ ಬೀಳಬೇಕೆಂದು ಮೊದಲೇ ಒಪ್ಪಂದವಾಗಿರಲಿ, ಇಲ್ಲದಿದ್ದರೆ ಸಾಲಿನ ತುದಿಯಲ್ಲಿ ‘ಸ್’ ‘ಸ್’ ಎಂಬ ಸದ್ದು ಚದುರಿ ಬೀಳುತ್ತದೆ. ಫರ್ಮಾಟಾ (ಸ್ವರವನ್ನು ಎಣಿಕೆ ಮೀರಿ ಹಿಡಿಯುವ ಗುರುತು) ಬಂದರೆ ಅಭ್ಯಾಸಕ್ಕೆ ಮುಂಚೆಯೇ ತೀರ್ಮಾನಿಸಿ: ಹಿಡಿದ ಸ್ವರದಿಂದ ನೇರ ಮುಂದಕ್ಕೆ ಹೋಗುವುದೋ, ಒಂದು ಉಸಿರಿನ ಬಿಡುವೋ, ಪೂರ್ತಿ ಮೌನವೋ. ಉಸಿರಿನ ಬಿಡುವಾದರೆ ಕಟ್‌ಆಫ್ ಸನ್ನೆಯೇ ಮುಂದಿನ ಪ್ರೆಪ್ ಆಗುತ್ತದೆ.

ಹಂತ 6: ಕೂರಿಸುವುದು, ಶ್ರುತಿ ಮಾಡುವುದು

ಅರ್ಧವೃತ್ತ ಉತ್ತಮ. ಗಟ್ಟಿಗರನ್ನೆಲ್ಲ ಮುಂದಿನ ಸಾಲಿನಲ್ಲಿ ಕೂರಿಸಿ ಹಿಂದಿನವರನ್ನು ಅನಾಥರನ್ನಾಗಿ ಮಾಡಬೇಡಿ; ಅಂಜುವ ಮಗುವಿನ ಪಕ್ಕ ಅಥವಾ ಹಿಂದೆ ಒಬ್ಬ ಗಟ್ಟಿಗನಿರಲಿ. ಪ್ರತಿ ಮಗುವಿನ ಸ್ಟ್ಯಾಂಡ್ ಎತ್ತರ ನೀವೇ ಹೋಗಿ ನೋಡಿ. ಕಾಗದದ ಮೇಲಂಚಿನಿಂದ ನೇರವಾಗಿ ನಿಮ್ಮ ಕೈ ಕಾಣಬೇಕು.

ತಾಳವಾದ್ಯಗಳು ಹಿಂದೆ ಕೂರುತ್ತವೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಹತ್ತು ಮೀಟರ್ ದೂರದ ಡ್ರಮ್ ಸದ್ದು ಮುಂದೆ ತಲುಪಲು ಸೆಕೆಂಡಿನ ನೂರರಲ್ಲಿ ಮೂರು ಭಾಗ ಬೇಕು. ಡ್ರಮ್ ನುಡಿಸುವ ಮಗು ಮುಂದಿನವರ ಸದ್ದು ಕೇಳಿ ನುಡಿಸಿದರೆ ತಡ ಇಮ್ಮಡಿಯಾಗುತ್ತದೆ. ಆದ್ದರಿಂದ ಹಿಂದಿನ ಸಾಲಿಗೆ ಹೇಳಬೇಕಾದ ಮಾತು ‘ಕೇಳಬೇಡ, ಕೈ ನೋಡು’. ಉಳಿದವರಿಗೆ ಇದಕ್ಕೆ ತದ್ವಿರುದ್ಧ, ನೋಡುವುದರ ಜೊತೆಗೆ ಕೇಳಬೇಕು.

ಶ್ರುತಿ ಮಾಡುವುದು ವಾದ್ಯ ಬೆಚ್ಚಗಾದ ಮೇಲೆ. ತಣ್ಣಗಿರುವ ಊದುವಾದ್ಯದ ಶ್ರುತಿ ಇಳಿದಿರುತ್ತದೆ, ಊದುತ್ತಾ ಹೋದಂತೆ ಏರುತ್ತದೆ. ತಂತಿವಾದ್ಯದಲ್ಲಿ ಕೋಣೆ ಬಿಸಿಯಾದರೆ ಶ್ರುತಿ ಇಳಿಯುತ್ತದೆ. ತಂತಿಗಳಿಗೆ 440 ಹರ್ಟ್ಸ್‌ನ ಎ, ಬ್ಯಾಂಡಿಗೆ ಸಾಮಾನ್ಯವಾಗಿ ಕೇಳಿಸುವ ಬಿ ಫ್ಲಾಟ್. ಜೋರಾಗಿ ಊದಿದಾಗ ಕೊಳಲು ಮೇಲಕ್ಕೂ ಕ್ಲಾರಿನೆಟ್ ಕೆಳಕ್ಕೂ ಜಾರುವ ಸ್ವಭಾವದವು, ಹಾಗಾಗಿ ಮೆಲ್ಲಗೆ ಶ್ರುತಿಗೂಡಿದ ಮೇಳ ಏರುದನಿಯಲ್ಲಿ ಒಡೆಯಬಹುದು. ಟ್ಯೂನರಿನ ಮುಳ್ಳು ನೋಡಿಸುವುದಕ್ಕಿಂತ ಆಧಾರ ಸ್ವರವನ್ನು ಮೊದಲು ಎಲ್ಲರಿಂದ ಗುನುಗಿಸಿ, ಆಮೇಲೆ ನುಡಿಸಿ. ಕಂಠಕ್ಕೆ ಬಂದದ್ದು ಕೈಗೂ ಬೇಗ ಬರುತ್ತದೆ.

ಗಾಯನಮೇಳದಲ್ಲಿ ಧ್ವನಿ ಒಡೆಯುವ ವಯಸ್ಸಿನ ಹುಡುಗರ ಬಗ್ಗೆ ವಿಶೇಷ ಎಚ್ಚರ ಬೇಕು. ಅವರಿಗೆ ಸರಾಗವಾಗಿ ಬರುವ ಸ್ವರಗಳು ಯಾವುವೆಂದು ಆಗಾಗ ಕೇಳಿ ಗುರುತಿಸಿ, ಆ ನಾಲ್ಕೈದು ಸ್ವರಗಳಲ್ಲೇ ಒಂದು ಸಾಲು ಬರೆದುಕೊಡಿ. ‘ನೀನು ಸುಮ್ಮನೆ ಬಾಯಾಡಿಸು’ ಎಂಬ ಮಾತು ಮಾತ್ರ ಯಾವ ಕಾರಣಕ್ಕೂ ಬೇಡ. ಆ ಒಂದು ವಾಕ್ಯ ಕೇಳಿ ಜೀವನವಿಡೀ ಹಾಡದೆ ಉಳಿದವರಿದ್ದಾರೆ.

ಹಂತ 7: ಅಭ್ಯಾಸದ ತರಗತಿ

ನಲವತ್ತೈದು ನಿಮಿಷ ಸಿಕ್ಕಿತೆನ್ನಿ. ಮೊದಲ ಏಳೆಂಟು ನಿಮಿಷ ಉಸಿರು, ಗುನುಗು, ಶ್ರುತಿ. ತಲೆ ತಾಜಾ ಇರುವಾಗಲೇ ಅತಿ ಕಷ್ಟದ ಜಾಗ, ಹದಿನೈದು ನಿಮಿಷ ಮೀರದಂತೆ. ನಂತರ ಹೊಸದು, ಕೊನೆಯಲ್ಲಿ ಚೆನ್ನಾಗಿ ಬರುವ ಯಾವುದನ್ನಾದರೂ ನಿಲ್ಲಿಸದೆ ಪೂರ್ತಿ.

ನಿಲ್ಲಿಸುವುದಕ್ಕೂ ಒಂದು ಶಿಸ್ತಿದೆ. ನಿಲ್ಲಿಸಿದರೆ ಕಾರಣವಿರಬೇಕು, ಒಂದೇ ವಿಷಯ ಹೇಳಬೇಕು: ಯಾರು, ಏನು, ಎಲ್ಲಿಂದ. ‘ಎರಡನೇ ಕ್ಲಾರಿನೆಟ್, ಚುಕ್ಕೆಯಿರುವ ಸ್ವರ ಪೂರ್ತಿ ಹಿಡಿಯಿರಿ. ಎಲ್ಲರೂ ಬಾರ್ 24ರಿಂದ.’ ಜಾಗದ ಸಂಖ್ಯೆ ಕೊನೆಯಲ್ಲಿ, ಅದರ ಬೆನ್ನಿಗೇ ಕೈ ಮೇಲೆ. ಹದಿನೈದು ಸೆಕೆಂಡಿಗಿಂತ ಹೆಚ್ಚು ಮಾತಾಡಿದರೆ ಹಿಂದಿನ ಸಾಲಿನಲ್ಲಿ ಬೇರೊಂದು ಮಾತುಕತೆ ಶುರುವಾಗಿರುತ್ತದೆ. ಒಬ್ಬರು ಅಕಸ್ಮಾತ್ ತಪ್ಪಿದ್ದಕ್ಕೆ ನಿಲ್ಲಿಸಬೇಡಿ, ಅದು ಅವರಿಗೂ ಗೊತ್ತಿರುತ್ತದೆ. ಮರುಸಲವೂ ತಪ್ಪಿದರೆ ಮಾತ್ರ ನಿಲ್ಲಿಸಿ.

ಕಷ್ಟದ ಲಯ ಬಿಡಿಸಲು ವಾದ್ಯ ಕೆಳಗಿಡಿಸಿ. ಮೊದಲು ಬಾಯಲ್ಲಿ, ಆಮೇಲೆ ಚಪ್ಪಾಳೆಯಲ್ಲಿ, ಆಮೇಲೆ ಸದ್ದಿಲ್ಲದೆ ಬೆರಳಾಡಿಸಿ, ಕೊನೆಗೆ ವಾದ್ಯದಲ್ಲಿ. ಒಂದು ಗುಂಪಿನ ಜೊತೆ ಕೆಲಸ ಮಾಡುವಾಗ ಉಳಿದವರ ಕೈಗೆ ಏನಾದರೂ ಕೊಡಿ: ಅದೇ ಸಾಲನ್ನು ಗುನುಗುವುದು, ತೊಡೆಯ ಮೇಲೆ ಮೆಲ್ಲಗೆ ಲಯ ಹಿಡಿಯುವುದು. ಮೇಳಗಳು ಒಡೆಯುವುದು ಹೆಚ್ಚಾಗಿ ಭಾಗದಿಂದ ಭಾಗಕ್ಕೆ ದಾಟುವ ಬೆಸುಗೆಯಲ್ಲಿ. ಆದ್ದರಿಂದ ಹೊಸ ಭಾಗದ ಆರಂಭದಿಂದ ಶುರು ಮಾಡದೆ, ನಾಲ್ಕು ಬಾರ್ ಹಿಂದಿನಿಂದ ಶುರು ಮಾಡಿ ದಾಟಿಸಿ.

ಹಾಡುವ ಮಕ್ಕಳ ಜೊತೆ ನೀವೂ ಹಾಡಬೇಡಿ. ನಿಮ್ಮ ಧ್ವನಿ ನಿಮ್ಮ ಕಿವಿಯನ್ನು ತುಂಬಿದರೆ ಅವರದು ಕೇಳುವುದಿಲ್ಲ. ಕಲಿಸುವಾಗ ಹಾಡಿ ತೋರಿಸಿ, ಅವರು ಶುರು ಮಾಡಿದಾಗ ನಿಲ್ಲಿಸಿ. ಆಗೊಮ್ಮೆ ಈಗೊಮ್ಮೆ ಎಂಟು ಬಾರ್ ಕೈ ಕೆಳಗಿಳಿಸಿ ಬರೀ ಕೇಳಿ. ಮೇಳ ತಾನೇ ನಡೆದರೆ ಒಳಗಿನ ಲಯ ಗಟ್ಟಿಯಾಗಿದೆ. ಕುಸಿದರೆ ಅವರು ಪರಸ್ಪರ ಕೇಳಿಸಿಕೊಳ್ಳುತ್ತಿಲ್ಲ, ಮುಂದಿನ ತರಗತಿಯ ಕೆಲಸ ಅದೇ.

ತಲೆ ಎತ್ತಿ ನೋಡಿಸಲು ಬೈಗುಳಕ್ಕಿಂತ ಬಾಯಿಪಾಠ ಒಳ್ಳೆಯದು. ಮೊದಲ ನಾಲ್ಕು ಬಾರ್, ಕೊನೆಯ ನಾಲ್ಕು ಬಾರ್ ಎಲ್ಲರಿಗೂ ಬಾಯಿಗೆ ಬಂದಿರಲಿ. ನೀವೂ ಸ್ಕೋರಿನಿಂದ ತಲೆ ಎತ್ತಿರಬೇಕು. ಮಕ್ಕಳನ್ನೇ ಕರೆದು ಮುಂದೆ ನಿಲ್ಲಿಸಿ ಬೀಟ್ ಹಾಕಿಸಿ, ಒಮ್ಮೆ ಅಲ್ಲಿ ನಿಂತ ಮಗು ತನ್ನ ಜಾಗಕ್ಕೆ ಮರಳಿದ ಮೇಲೆ ನೋಡುವ ರೀತಿಯೇ ಬೇರೆ.

ಮುಚ್ಚಿದ ಕೋಣೆಯಲ್ಲಿ ಬ್ಯಾಂಡ್ ಅಭ್ಯಾಸ ಮಾಡಿಸುವವರು ಕಿವಿಯ ಬಗ್ಗೆಯೂ ಯೋಚಿಸಬೇಕು. ದಿನಕ್ಕೆ ಎಂಟು ಗಂಟೆಗೆ 85 ಡೆಸಿಬೆಲ್ ಎಂಬುದು ಅಮೆರಿಕದ ವೃತ್ತಿ ಆರೋಗ್ಯ ಸಂಸ್ಥೆ ನಯೋಶ್ ಹೇಳುವ ಮಿತಿ. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧಕ್ಕಿಳಿಯುತ್ತದೆ, ಅಂದರೆ 94 ಡೆಸಿಬೆಲ್‌ನಲ್ಲಿ ಒಂದೇ ಗಂಟೆ. ಹಿತ್ತಾಳೆ ವಾದ್ಯ ಮತ್ತು ಡ್ರಮ್ ಸೇರಿದರೆ ಈ ಮಟ್ಟ ದಾಟುವುದು ಕಷ್ಟವಲ್ಲ. ಗೋಡೆಗೆ ದಪ್ಪ ಪರದೆ, ಮೆಲುದನಿಯ ಅಭ್ಯಾಸ, ಸಂಗೀತಗಾರರ ಇಯರ್‌ಪ್ಲಗ್ ಮೂರೂ ಉಪಯುಕ್ತ.

ಹಂತ 8: ಕಾರ್ಯಕ್ರಮದ ದಿನ

ಉದ್ವೇಗದಲ್ಲಿ ಎಲ್ಲರ ಲಯವೂ ಓಡುತ್ತದೆ, ನಿಮ್ಮದೂ. ಎತ್ತುಗಡೆಗೆ ಮುಂಚಿನ ಎರಡನೇ ಹೆಜ್ಜೆಯನ್ನು, ಅಂದರೆ ಮನಸ್ಸಿನಲ್ಲಿ ಸಾಲು ಹಾಡಿಕೊಳ್ಳುವುದನ್ನು, ಈ ದಿನ ತಪ್ಪಿಸಲೇಬೇಡಿ.

ಮೇಳ ದಾರಿ ತಪ್ಪಿತೆನ್ನಿ. ಸಹಜವಾಗಿ ಕೈ ದೊಡ್ಡದಾಗುತ್ತದೆ, ಮುಖ ಬಿಗಿಯುತ್ತದೆ. ಎರಡೂ ಬೇಡ. ಕೈಬೀಸು ಚಿಕ್ಕದಾಗಿ ಚೂಪಾಗಲಿ, ಒಂದನೇ ಎಣಿಕೆ ಮಾತ್ರ ಎದ್ದು ಕಾಣಲಿ. ಲಯ ಗಟ್ಟಿಯಿರುವ ಗುಂಪಿನ ಕಡೆ, ಸಾಮಾನ್ಯವಾಗಿ ತಾಳವಾದ್ಯ ಅಥವಾ ಬಾಸ್ ಕಡೆ, ತಿರುಗಿ ಅವರನ್ನು ಹಿಡಿದುಕೊಳ್ಳಿ. ಮುಂದಿನ ಭಾಗದ ಅಕ್ಷರವನ್ನೋ ಸಂಖ್ಯೆಯನ್ನೋ ತುಟಿಯಲ್ಲೇ ಸದ್ದಿಲ್ಲದೆ ತೋರಿಸಿ ಅಲ್ಲಿಗೆ ದೊಡ್ಡ ಕ್ಯೂ ಕೊಡಿ, ಚದುರಿದವರು ಅಲ್ಲಿ ಬಂದು ಸೇರುತ್ತಾರೆ. ಹೀಗೆ ಸೇರಿಕೊಳ್ಳುವುದನ್ನು ಅಭ್ಯಾಸದಲ್ಲಿ ಒಮ್ಮೆಯಾದರೂ ಬೇಕೆಂದೇ ಮಾಡಿಸಿ ನೋಡಿರಬೇಕು.

ಕೊನೆಯ ಸ್ವರ ಮುಗಿದ ಮೇಲೆ ಕೈ ತಕ್ಷಣ ಇಳಿಸಬೇಡಿ. ಕೈ ಮೇಲಿರುವವರೆಗೆ ಸಂಗೀತ ಮುಗಿದಿಲ್ಲ ಎಂಬುದು ಮಕ್ಕಳಿಗೂ ಸಭಿಕರಿಗೂ ತಿಳಿಯುತ್ತದೆ. ಚಪ್ಪಾಳೆ ಬಂದಾಗ ಒಂಟಿ ಸಾಲು ನುಡಿಸಿದ ಮಕ್ಕಳನ್ನು ಮೊದಲು, ನಂತರ ಎಲ್ಲರನ್ನೂ ಎದ್ದು ನಿಲ್ಲಿಸಿ. ಧ್ವನಿಮುದ್ರಣವನ್ನು ಅದೇ ರಾತ್ರಿ ಕೇಳುವುದು ಬೇಡ. ನಾಲ್ಕೈದು ದಿನ ಬಿಟ್ಟು, ಕೈಯಲ್ಲಿ ಸ್ಕೋರ್ ಹಿಡಿದು ಕೇಳಿ. ಪ್ರತಿ ತೊಡಕಿನ ಜಾಗದಲ್ಲೂ ಒಂದು ಬಾರ್ ಹಿಂದಕ್ಕೆ ಹೋಗಿ, ಆ ಕ್ಷಣ ನಿಮ್ಮ ಕೈ ಏನು ಹೇಳುತ್ತಿತ್ತೆಂದು ಅದರ ಅಂಚಿನಲ್ಲೇ ಪೆನ್ಸಿಲ್‌ನಿಂದ ಬರೆದಿಡಿ. ಮುಂದಿನ ಕೃತಿಯ ಸ್ಕೋರ್ ತೆರೆಯುವ ಮುಂಚೆ ಆ ಟಿಪ್ಪಣಿಗಳನ್ನು ಓದಿಕೊಳ್ಳಿ.